ಹಿಂದೆ ಕೂತವಳ ಕೈಗಳು

ಫೆಬ್ರವರಿ ೯, ಭಾನುವಾರ

ನನ್ನ ಮುದ್ದಿನ ಕೊಕ್ಕರೆಗೆ,

ಅಕ್ಕನ ಆಶೀರ್ವಾದಗಳು. ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರು ಮಾಡೋಣ ಅಂದುಕೊಂಡೆ. ಇರುವವರೇ ಇಬ್ಬರು, ಅದರಲ್ಲಿ ಒಬ್ಬಳು ಹಾಸಿಗೆ ಹಿಡಿದಿದ್ದಾಳೆ, ಇನ್ನು ‘ಎಲ್ಲರೂ’ ಎಲ್ಲಿಂದ ತರಲಿ ಅಂತ ಬಿಟ್ಟೆ. ನೀನು ಹೇಗಿದ್ದೀಯ? ಅಲ್ಲಿಯ ಚಳಿ ಮೂಳೆ ಕೊರೆಯುತ್ತೆ ಅಂತ ಬರೆದಿದ್ದೆಯಲ್ಲ, ಕಿವಿಗೆ ಏನಾದರೂ ಸುತ್ತಿಕೊಳ್ಳುತ್ತೀಯೋ, ಇಲ್ಲ ಭಾಷಣ ಮಾಡುವವಳಿಗೆ ಬಾಯಿ ಇದ್ದರೆ ಸಾಕು, ಕಿವಿ ಯಾಕೆ ಅಂತ ಹಾಗೇ ತಿರುಗುತ್ತೀಯೋ?

ಉತ್ತರ ತಡವಾಯಿತು, ಕ್ಷಮಿಸು. ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಊದಿಸಿಕೋ. ಊದಿಸಿಕೊಂಡರೂ ಚೆನ್ನಾಗಿ ಕಾಣುವ ಮುಖ ಅದು, ಅದಕ್ಕೇ ಅಲ್ಲವಾ ನಮ್ಮ ಮನೆಗೆ ಇಷ್ಟೆಲ್ಲ ಗ್ರಹಚಾರ ವಕ್ಕರಿಸಿದ್ದು. ತಡವಾಗಿದ್ದಕ್ಕೆ ಕಾರಣ ಅಮ್ಮ. ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳು ಎದ್ದಿಲ್ಲ. ಡಾಕ್ಟರು ಬಂದು ನೋಡಿ ‘ವಯಸ್ಸಾಯಿತಲ್ಲಮ್ಮ’ ಅಂದರು. ಅದನ್ನು ಹೇಳೋದಕ್ಕೆ ಡಾಕ್ಟರೇ ಬೇಕಿತ್ತಾ? ಕೆಳಗಿನ ಮನೆಯ ಆಂಟಿ ಪುಕ್ಕಟೆ ಹೇಳುತ್ತಿದ್ದರು.

ಫೋನ್ ಮಾಡಬೇಡಿ, ಬೇರೆ ಕಿವಿಗಳೂ ಕೇಳಿಸಿಕೊಳ್ಳುತ್ತವೆ ಅಂತ ವಕೀಲರು ಹೇಳಿದ ಮೇಲೆ ನಮಗೆ ಕಾಗದವೇ ಗತಿ. ಪುಸ್ತಕದಂಗಡಿಯವರು, ಪಾಪ, ನನ್ನ ಕಾಗದಗಳನ್ನು ಯಾವುದೋ ಅಡುಗೆ ಪುಸ್ತಕದ ನಡುವೆ ಇಟ್ಟು ಯಾರ ಮೂಲಕವೋ ಗಡಿ ದಾಟಿಸುತ್ತಾರೆ. ಎದುರು ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡಿದು ಕೂರುವ ಮಫ್ತಿ ಪೊಲೀಸಿನವನು ಇನ್ನೂ ಇದ್ದಾನೆ. ಅಷ್ಟು ಓದಿದ್ದರೆ ಇಷ್ಟೊತ್ತಿಗೆ ಅವನು ನ್ಯಾಯಾಧೀಶನಾಗಬೇಕಿತ್ತು. ನೀನು ಒಂದಲ್ಲ ಒಂದು ದಿನ ಈ ಮೆಟ್ಟಿಲು ಹತ್ತಿ ಬರುತ್ತೀಯ ಅಂತ ಅವನಿಗೆ ನಂಬಿಕೆ. ಅಮ್ಮನಿಗೂ ಅದೇ ನಂಬಿಕೆ. ಇಬ್ಬರೂ ಒಂದೇ ಬಾಗಿಲು ಕಾಯುತ್ತಾ ಕೂತಿದ್ದಾರೆ.

ಅಮ್ಮನಿಗೆ ಹತ್ತಿರದ್ದು ಮಂಜು ಮಂಜು, ದೂರದ್ದು ಸ್ವಲ್ಪ ಕಾಣುತ್ತೆ. ನೆನಪೂ ಹಾಗೇ ಆಗಿದೆ. ಬೆಳಿಗ್ಗೆ ತಿಂದಿದ್ದು ನೆನಪಿಲ್ಲ, ನೀನು ಎರಡನೇ ಕ್ಲಾಸಿನಲ್ಲಿ ಯಾರೋ ಟೀಚರ್ ಸೀರೆಗೆ ಶಾಯಿ ಚೆಲ್ಲಿದ್ದು ನೆನಪಿದೆ. ನನ್ನನ್ನು ಮುಖ ನೋಡಿ ಗುರುತು ಹಿಡಿಯೋದನ್ನು ಬಿಟ್ಟಿದ್ದಾಳೆ. ಹತ್ತಿರ ಹೋದರೆ ಮೊದಲು ನನ್ನ ಕೈ ತಡಕುತ್ತಾಳೆ. ಹತ್ತಿ ಗ್ಲೌಸು ಸಿಕ್ಕಿದರೆ ‘ಓ, ದೊಡ್ಡವಳು’ ಅಂತ ಸಮಾಧಾನ. ನೀನು ನಗಬೇಡ. ಕೆಲಸ ಬಿಟ್ಟು ಎಷ್ಟು ಕಾಲವಾಯಿತು, ಇನ್ನೂ ಯಾಕೆ ಗ್ಲೌಸು ಅಂತ ನೀನೊಬ್ಬಳೇ ಕೇಳಬಲ್ಲೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಆದರೂ ಹೋಗಿಲ್ಲ.

ಕೈಗೆ ಹಚ್ಚುವ ಕ್ರೀಮಿನ ಜಾಹೀರಾತಿಗೆ ತೆಗೆದ ನಿನ್ನ ದೊಡ್ಡ ಪೋಸ್ಟರ್ ಈಗಲೂ ಅವಳ ಮಂಚದ ಎದುರು ಗೋಡೆಯಲ್ಲಿದೆ. ಎರಡು ಕೈ ಎರಡು ಕೆನ್ನೆಗೆ ಆನಿಸಿಕೊಂಡು, ಈಗಷ್ಟೇ ಯಾರೋ ಒಳ್ಳೆ ಸುದ್ದಿ ಹೇಳಿದ ಹಾಗೆ ನೀನು ನೋಡುತ್ತೀಯಲ್ಲ, ಅದು. ಅಮ್ಮ ಅದರ ಜೊತೆ ದಿನವಿಡೀ ಮಾತಾಡುತ್ತಾಳೆ. ತುತ್ತು ಇಡೋಕೆ ಹೋದರೆ ‘ಮೊದಲು ಅವಳಿಗೆ ಕೊಡು’ ಅನ್ನುತ್ತಾಳೆ. ನಾನೂ ಎದ್ದು ಹೋಗಿ ಗೋಡೆಗೆ ಚಮಚ ತೋರಿಸಿ ಬರುತ್ತೇನೆ. ಬೆಳಿಗ್ಗೆ ಹೊತ್ತು ಬರುವ ನರ್ಸಮ್ಮ ನಮ್ಮಿಬ್ಬರಲ್ಲಿ ಯಾರಿಗೆ ಮದ್ದು ಕೊಡೋದು ಅಂತ ನೋಡುತ್ತಾರೆ. ಆಮೇಲೆ ಅಮ್ಮ ಕೇಳೋದು ಒಂದೇ ಮಾತು: ‘ಚಿಕ್ಕವಳು ಯಾವಾಗ ಬರ್ತಾಳೆ?’ ನಾಳೆ ಅನ್ನುತ್ತೇನೆ. ನಾಳೆ ಅಂದರೆ ಅವಳಿಗೆ ಸಾಕು. ಒಳ್ಳೇದಾಯಿತು, ಮರೆವು ಇರೋದರಿಂದ ನಾಳೆ ಅನ್ನೋದು ಹಳತಾಗುವುದೇ ಇಲ್ಲ.

ನಿನ್ನ ಪುಸ್ತಕ ತಲುಪಿತು. ಇಟ್ಟುಕೊಂಡರೆ ಜೈಲು, ಗೊತ್ತಲ್ಲ. ಅದಕ್ಕೇ ಪುಸ್ತಕದಂಗಡಿಯವರು ಹೊಲಿಗೆ ಕಲಿಸುವ ಪುಸ್ತಕದ ರಟ್ಟು ಅಂಟಿಸಿ ಕೊಟ್ಟರು. ಅಮ್ಮನಿಗೆ ಓದಿ ಹೇಳಿದೆ. ಚಪ್ಪಲಿ ಅಂಗಡಿಯಲ್ಲಿ ನೀನು ಗಿರಾಕಿಗಳ ಕಾಲ ಬಳಿ ಕೂತಿದ್ದಾಗ ಫೋಟೋದವರು ನೋಡಿ ‘ಎದ್ದು ನಿಲ್ಲಮ್ಮ’ ಅಂದಿದ್ದು, ನೀನು ಎದ್ದೇ ಎದ್ದೇ ಎದ್ದು ಅವರು ತಲೆ ಎತ್ತಬೇಕಾಗಿದ್ದು, ಮೊದಲ ಸಲ ವೇದಿಕೆಯಲ್ಲಿ ನಡೆಯುವಾಗ ಮುಗ್ಗರಿಸಿ ಮುಂದಿನ ಸಾಲಿನ ಹೆಂಗಸಿನ ಮಡಿಲಿಗೆ ಬಿದ್ದಿದ್ದು. ಅಮ್ಮ ನಕ್ಕಿದ್ದೇ ನಕ್ಕಿದ್ದು. ‘ಅವಳ ಕೈಗೆ ಲೋಟ ಕೊಟ್ಟರೆ ನೆಲಕ್ಕೆ ಸ್ನಾನ. ಕಾಲು ಮಾತ್ರ ನೆಟ್ಟಗಿರುತ್ತಾ?’ ಅಂದಳು. ಜೈಲಿನ ಅಧ್ಯಾಯ ಬಂದಾಗ ಪುಟ ಹಾರಿಸಿ, ನೀನು ಕೆಲವು ಕಾಲ ವಿಶ್ರಾಂತಿ ತಗೊಂಡೆ ಅಂತ ಓದಿದೆ. ‘ಒಳ್ಳೇದು, ಬಹಳ ದಣಿದಿದ್ದಳು’ ಅಂದಳು.

ಚೆನ್ನಾಗಿ ಬರೆದಿದ್ದೀಯ ಕಣೇ. ಹೊಗಳಿದ್ದು ಮುಗಿಯಿತು, ಇನ್ನು ಬೈಗುಳ. ಇಡೀ ಪುಸ್ತಕದಲ್ಲಿ ನನ್ನ ಬಗ್ಗೆ ಇರೋದು ಒಂದೇ ಸಾಲು. ‘ಮನೆಯಲ್ಲಿ ಒಬ್ಬ ಅಕ್ಕ ಇದ್ದಳು.’ ಅಷ್ಟೇ! ಮನೆಯಲ್ಲಿ ಒಂದು ಬೀರು ಇತ್ತು ಅನ್ನೋ ಹಾಗೆ! ನನ್ನ ಮೇಲೆ ಪೊಲೀಸರ ಕಣ್ಣು ಬೀಳಬಾರದು ಅಂತ ಬಿಟ್ಟಿದ್ದೀಯ, ನಂಗೆ ಗೊತ್ತಾಗಲ್ಲವಾ? ಗೊತ್ತಿದ್ದೂ ಹೊಟ್ಟೆ ಉರಿಯಿತು. ಅದಕ್ಕೇ ನೀನು ಬರೆಯದೇ ಬಿಟ್ಟಿದ್ದನ್ನು ನಾನೇ ಇಲ್ಲಿ ಬರೆದುಬಿಡುತ್ತೇನೆ. ಓದೋದಕ್ಕೆ ನೀನೊಬ್ಬಳಿದ್ದರೆ ಸಾಕು.

ಆ ಪೋಸ್ಟರಿನಲ್ಲಿ ಮುಖ ನಿನ್ನದು, ಕೈ ನನ್ನದು. ಉಗುರು ಕಚ್ಚಿ ಕಚ್ಚಿ ಮೊಂಡು ಮಾಡಿಕೊಂಡ, ಸೌಟಿನಂಥ ನಿನ್ನ ಬೆರಳು ನೋಡಿ ಫೋಟೋದವರು ತಲೆ ಮೇಲೆ ಕೈ ಹೊತ್ತು ಕೂತಾಗ, ಊಟದ ಡಬ್ಬಿ ಕೊಡೋಕೆ ಬಂದಿದ್ದ ನನ್ನ ಕೈ ಅವರ ಕಣ್ಣಿಗೆ ಬಿತ್ತು. ನಿನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನಿನ್ನ ಕೈಗಳನ್ನು ಬೆನ್ನ ಹಿಂದೆ ಮಡಿಸಿ, ನನ್ನನ್ನು ನಿನ್ನ ಹಿಂದೆ ಮೊಣಕಾಲೂರಿ ಕೂರಿಸಿದರು. ತಲೆ ಮೇಲೆ ಕಪ್ಪು ಬಟ್ಟೆ. ನಿನ್ನ ಕಂಕುಳ ಕೆಳಗಿನಿಂದ ನನ್ನ ಎರಡು ಕೈ ಮುಂದಕ್ಕೆ. ನನ್ನ ಉಸಿರು ಬೆನ್ನಿಗೆ ತಾಗಿ ನಿನಗೆ ಕಚಗುಳಿ. ‘ಮುಂದಿನವರು ನಗಬೇಡಿ, ಹಿಂದಿನವರು ಉಸಿರು ಬಿಡಬೇಡಿ’ ಅಂತ ಅವರ ಗಲಾಟೆ. ಆಮೇಲೆ ಊರಿಗೆಲ್ಲ ನೀನು ಮಾಡೆಲ್, ಸ್ಟುಡಿಯೋದಲ್ಲಿ ನಾನು ‘ಹಿಂದಿನವರು’. ಅಲ್ಲಿ ಯಾರಿಗೂ ನನ್ನ ಹೆಸರೇ ಗೊತ್ತಿರಲಿಲ್ಲ. ಚಿತ್ರ ತೆಗೆಯುವ ಮುಂಚೆ ಕೈ ಎತ್ತಿ ನಿಲ್ಲಬೇಕು, ರಕ್ತ ಇಳಿದು ನರ ಕಾಣದ ಹಾಗಾಗಬೇಕು. ಪೊಲೀಸರು ನಿನ್ನನ್ನು ಹುಡುಕಿಕೊಂಡು ಮನೆಗೆ ನುಗ್ಗಿ ‘ಕೈ ಮೇಲೆ’ ಅಂದಾಗ ನಾನು ಎಷ್ಟು ಚಂದವಾಗಿ ಎತ್ತಿದೆ ಅಂದರೆ ಅವರೇ ಗಾಬರಿಯಾದರು.

ಕೈ ಬೇರೆಯವರದು ಅಂತ ಯಾರಿಗೂ ಹೇಳಕೂಡದು ಅಂತ ಕ್ರೀಮು ಕಂಪನಿಯವರು ಸಹಿ ಹಾಕಿಸಿಕೊಂಡರಲ್ಲ. ಅಮ್ಮನಿಗೂ ಹೇಳಲಿಲ್ಲ. ಅವಳ ಹೊಟ್ಟೇಲಿ ಮಾತು ನಿಲ್ಲುತ್ತಾ, ಕೆಳಗಿನ ಮನೆಗೆ ಹೋಗಿ ಬರುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಕೈ ನಯ ಕೆಡಬಾರದು ಅಂತ ನಾನು ಮನೆಯಲ್ಲಿ ಸದಾ ಗ್ಲೌಸು ಹಾಕಿಕೊಳ್ಳುತ್ತಿದ್ದೆ, ಅದಕ್ಕೊಂದು ಕಾರಣ ಬೇಕಾಯಿತು. ಸ್ಟುಡಿಯೋದಲ್ಲಿ ಫೋಟೋ ತೊಳೆಯುವ ನೀರು ತಗುಲಿ ಇವಳ ಕೈ ಚರ್ಮ ಕೆಟ್ಟುಹೋಗಿದೆ, ಗಾಳಿ ಬಿಸಿಲು ತಾಗಬಾರದು ಅಂತ ನೀನೇ ಕಥೆ ಕಟ್ಟಿದೆ. ಆಗಲೇ ಗೊತ್ತಾಗಬೇಕಿತ್ತು ನನಗೆ, ಇವಳು ಬರೆಯುವವಳಾಗುತ್ತಾಳೆ ಅಂತ. ಅಮ್ಮ ನಂಬಿದಳು. ಪಾತ್ರೆ ತೊಳೆಯೋಕೆ, ತರಕಾರಿ ಹೆಚ್ಚೋಕೆ ನನ್ನನ್ನು ಬಿಡಲಿಲ್ಲ. ‘ಪಾಪ, ನನ್ನ ದೊಡ್ಡವಳ ಕೈ ಹಾಳಾಯಿತು’ ಅಂತ ಹಾಸಿಗೆ ಹಿಡಿಯುವವರೆಗೂ ತಾನೇ ತೊಳೆದಳು. ಬಂದವರಿಗೆಲ್ಲ ಪೋಸ್ಟರ್ ತೋರಿಸಿ ‘ಚಿಕ್ಕವಳ ಕೈ ನೋಡಿ, ಬೆಣ್ಣೆ’ ಅನ್ನುತ್ತಿದ್ದಳು. ನೀನು ಮನೆಗೆ ಬಂದಾಗ ಮೊಂಡು ಉಗುರು ಶಾಲಿನೊಳಗೆ ಬಚ್ಚಿಟ್ಟುಕೊಂಡು ಕೂರುತ್ತಿದ್ದೆ. ನಾನು ಬಾಗಿಲ ಹಿಂದೆ ನಿಂತು ನಗುತ್ತಿದ್ದೆ.

ಆಮೇಲೆ ನೀನು ಕಂಪನಿಯ ಹೊಸ ಕಾರ್ಖಾನೆಯ ರಿಬ್ಬನ್ ಕತ್ತರಿಸೋಕೆ ಹೋದೆ. ಅಲ್ಲಿ ಕ್ರೀಮು ತುಂಬುವ ಹೆಂಗಸೊಬ್ಬಳು ಕೈ ಕೊಡೋಕೆ ಹಿಂಜರಿದಳು, ನೀನು ಬಲವಂತವಾಗಿ ಹಿಡಿದುಕೊಂಡೆ, ಅವಳ ಅಂಗೈ ಚರ್ಮ ನಿನ್ನ ಕೈಗೆ ಅಂಟಿ ಬಂತು. ಅದನ್ನು ನೀನು ಪುಸ್ತಕದಲ್ಲಿ ಬರೆದಿರೋದನ್ನು ಓದುವಾಗ ಪುಸ್ತಕ ಮಡಿಚಿಟ್ಟು ಎದ್ದು ಅಮ್ಮನ ಹೊದಿಕೆ ಸರಿಮಾಡಿ ಬಂದೆ. ಆವತ್ತು ಮನೆಗೆ ಬಂದು ನೀನು ಏನೂ ತಿನ್ನಲಿಲ್ಲ. ಮಾರನೇ ದಿನ ಕಾರ್ಖಾನೆಯ ಗೇಟಿನ ಮುಂದೆ ಆ ಹೆಂಗಸರ ಜೊತೆ ಕೂತೆ. ನಿನ್ನ ಮೊದಲ ಬೇಡಿಕೆ ಏನು? ಗ್ಲೌಸು! ಅವರಿಗೆ ಕೈಗೆ ಹಾಕಿಕೊಳ್ಳೋಕೆ ಗ್ಲೌಸು ಕೊಡಿ. ನಾನು ಮನೆಯಲ್ಲಿ ಒಂದರ ಮೇಲೊಂದು ಹಾಕಿಕೊಂಡು ರೇಡಿಯೋದಲ್ಲಿ ಅದನ್ನು ಕೇಳುತ್ತಿದ್ದೆ. ಕೈ ಸುಟ್ಟ ಹಾಗಾಯಿತು ಕಣೇ.

ತಡೆಯಲಾರದೆ ಒಂದು ದಿನ ಗೇಟಿನ ಹತ್ತಿರ ಬಂದಿದ್ದೆ, ನಿನಗೆ ಹೇಳಿಲ್ಲ. ಹಿಂದೆ ನಿಂತಿದ್ದೆ, ನನ್ನ ಜಾಗ ಅದೇ ತಾನೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಗ್ಲೌಸು ನೋಡಿ ‘ನಿಮ್ಮ ಕೈಗೂ ಆಗಿದೆಯಾ ಅಕ್ಕ?’ ಅಂದಳು. ‘ಹೂಂ’ ಅಂದೆ. ಅವಳು ಸರಿದು ನೆರಳಲ್ಲಿ ಜಾಗ ಮಾಡಿಕೊಟ್ಟಳು. ನೀನು ಮುಂದೆ ನಿಂತು ಇದು ಮಂತ್ರಿ ಮಕ್ಕಳ ಕಂಪನಿ, ಅದಕ್ಕೇ ಸರ್ಕಾರ ಕಣ್ಣು ಮುಚ್ಚಿಕೊಂಡಿದೆ ಅಂತ ಕೂಗುತ್ತಿದ್ದೆ. ಚಪ್ಪಲಿ ಅಂಗಡಿಯ ಹುಡುಗಿ ಇವಳೇನಾ ಅನ್ನಿಸಿತು. ನಿನ್ನ ಆ ಭಾಷಣದಿಂದ ನಿನಗೆ ಜೈಲಾಗಿ, ನನ್ನ ಕೆಲಸಕ್ಕೂ ಕಲ್ಲು ಬಿತ್ತು ಅನ್ನೋದು ಬೇರೆ ಮಾತು. ಹೋಗಲಿ. ಎಲ್ಲರೂ ಹೆದರಿದಾಗ ನಿನ್ನೊಬ್ಬಳಿಗೆ ನಾಲಿಗೆ ಇತ್ತು, ಅದು ನನಗೆ ಹೆಮ್ಮೆ. ಹೇಳಿದ್ದೇನೆ, ಮತ್ತೆ ಮತ್ತೆ ಹೇಳಿಸಬೇಡ.

ಈಗ ಬರೆದಿದ್ದು ಯಾಕೆ ಅಂದರೆ, ನರ್ಸಮ್ಮ ಮೊನ್ನೆ ಹೊರಡುವಾಗ ಬಾಗಿಲಲ್ಲಿ ನಿಂತು ‘ನೋಡುವವರು ಯಾರಾದರೂ ಇದ್ದರೆ ಬಂದು ನೋಡಲಿ’ ಅಂದರು. ನೀನು ಬರೋ ಹಾಗಿಲ್ಲ. ಕಾಲಿಟ್ಟ ಕ್ಷಣ ಹಿಡಿಯುತ್ತಾರೆ, ಅಮ್ಮನ ಮಂಚದವರೆಗೂ ಬಿಡುವುದಿಲ್ಲ. ಬಾ ಅಂತ ಬರೆಯೋಕೆ ಬಾಯಿಲ್ಲ, ಬರಬೇಡ ಅಂತ ಬರೆಯೋಕೆ ಮನಸ್ಸಿಲ್ಲ. ಅವಳು ಕೇಳುತ್ತಲೇ ಇದ್ದಾಳೆ. ಏನು ಹೇಳಲಿ ಅಂತ ನೀನೇ ಹೇಳು. ಮಾತು ನಿನ್ನ ಕಸುಬಲ್ಲವಾ?

ಮೈ ಬೆಚ್ಚಗಿಟ್ಟುಕೋ.

ನಿನ್ನ ಅಕ್ಕ

*

ಮಾರ್ಚ್ ೨೩

ಕೊಕ್ಕರೆ,

ಆಶೀರ್ವಾದಗಳು. ಸುದ್ದಿಯನ್ನು ಪುಸ್ತಕದಂಗಡಿಯವರು ಆಗಲೇ ಮುಟ್ಟಿಸಿರುತ್ತಾರೆ. ನಾನೇ ಮೊದಲು ಬರೆಯಬೇಕಿತ್ತು, ಬರೆಯಲಿಲ್ಲ. ಪೆನ್ನು ಹಿಡಿದರೆ ಕಣ್ಣು ಮಂಜಾಗುತ್ತಿತ್ತು. ಅಮ್ಮ ಹೋದಳು. ನಾನಿದನ್ನು ಕೈಯಾರೆ ಬರೆದಿದ್ದೇನೆ, ಇನ್ನು ನಿಜ ಆಯಿತು.

ನಿನ್ನ ಉತ್ತರ ಬಂದಿದ್ದು ಅವತ್ತು ಬೆಳಿಗ್ಗೆ. ನಿನ್ನ ಅಕ್ಷರ ಇಷ್ಟು ಸೊಟ್ಟಗಾಗಿದ್ದು ನಾನು ಯಾವತ್ತೂ ನೋಡೇ ಇಲ್ಲ. ‘ನಾನು ಬಂದೆ ಅಂತ ಹೇಗಾದರೂ ಮಾಡಿ ಅಮ್ಮನಿಗೆ ಅನ್ನಿಸು ಅಕ್ಕ. ಜೀವಮಾನದಲ್ಲಿ ನಿನ್ನನ್ನು ಇನ್ನೇನೂ ಕೇಳಲ್ಲ’ ಅಂತ ಬರೆದಿದ್ದೆ. ಅಡುಗೆಮನೆಯಲ್ಲಿ ನಿಂತು ಓದಿದೆ. ಮೊದಲು ಸಿಟ್ಟು ಬಂತು. ಇವಳಿಗೆ ಹೇಳೋದು ಸುಲಭ, ಇಲ್ಲಿ ಮಾಡುವವಳು ಯಾರು ಅಂತ. ಅಷ್ಟರಲ್ಲಿ ಒಳಗಿಂದ ಅಮ್ಮ ‘ಚಿಕ್ಕವಳು ಬಂದಳಾ?’ ಅಂದಳು. ಅವತ್ತು ಅವಳ ದನಿ ದಾರದ ಹಾಗೆ ಸಣ್ಣಗಾಗಿತ್ತು. ಇನ್ನೊಂದು ಸಲ ‘ನಾಳೆ’ ಅನ್ನೋಕೆ ಆಗಲಿಲ್ಲ ನನಗೆ.

ನನಗೆ ಹೊಳೆದದ್ದು ಒಂದೇ. ಗ್ಲೌಸು ಬಂದ ಮೇಲೆ ಅಮ್ಮನಿಗೆ ನನ್ನ ಬರಿಗೈ ಗೊತ್ತೇ ಇಲ್ಲ. ಅವಳಿಗೆ ಗೊತ್ತಿರುವ ನನ್ನ ಕೈ ಅಂದರೆ ಹತ್ತಿ ಗ್ಲೌಸು. ನನ್ನ ಬರಿಗೈಯನ್ನು ಅವಳು ನೋಡಿರೋದು ಗೋಡೆಯ ಮೇಲೆ, ಅದೂ ನಿನ್ನ ಕೆನ್ನೆಯಲ್ಲಿ. ಗ್ಲೌಸು ಬಿಚ್ಚಿದೆ. ಬಿಸಿನೀರಲ್ಲಿ ಕೈ ತೊಳೆದುಕೊಂಡೆ. ಆಮೇಲೆ ಅಭ್ಯಾಸಬಲ, ನರ ಇಳಿಯಲಿ ಅಂತ ಎರಡೂ ಕೈ ಮೇಲೆತ್ತಿ ಅಡುಗೆಮನೆಯ ನಡುವೆ ನಿಂತೆ. ಕಿಟಕಿಯಾಚೆ ಬೆಂಚಿನ ಮೇಲಿದ್ದ ಆ ಮಫ್ತಿ ಪೇಪರಿನವನು ತಲೆ ಎತ್ತಿ ನೋಡಿದ. ತಾನು ಏನೂ ಹೇಳದೇ ಈ ಮುದುಕಿ ಯಾಕೆ ಶರಣಾದಳು ಅಂತ ಗಾಬರಿಯಾಗಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ನಗು ಬಂತು. ಆ ಗಳಿಗೆಯಲ್ಲೂ ನಗು ಬಂತು ನೋಡು.

ಮಂಚ ಹತ್ತಿ ಅಮ್ಮನ ಹಿಂದೆ ಕೂತೆ. ಅವಳನ್ನು ಎತ್ತಿ ನನ್ನ ಎದೆಗೆ ಒರಗಿಸಿಕೊಂಡೆ. ಭಾರವೇ ಇರಲಿಲ್ಲ, ಒಣಗಿದ ಬಟ್ಟೆ ಎತ್ತಿಕೊಂಡ ಹಾಗಿತ್ತು. ಅವಳ ಕಂಕುಳ ಕೆಳಗಿನಿಂದ ಎರಡೂ ಕೈ ಮುಂದಕ್ಕೆ ತಂದು ಅವಳ ಕೆನ್ನೆಗೆ ಆನಿಸಿದೆ. ಹಳೇ ಜಾಗ, ಹಳೇ ಕೆಲಸ, ಕಪ್ಪು ಬಟ್ಟೆ ಒಂದಿರಲಿಲ್ಲ. ಬಿಸಿಲು ಗೋಡೆಗೆ ಬಿದ್ದು ಪೋಸ್ಟರ್ ಬೆಳಗುತ್ತಿತ್ತು. ಅಮ್ಮ ಅದನ್ನೇ ನೋಡುತ್ತಿದ್ದಳು. ಮೆಲ್ಲಗೆ ತನ್ನ ಕೈ ತಂದು ನನ್ನ ಬೆರಳು ಒಂದೊಂದಾಗಿ ಮುಟ್ಟಿದಳು.

‘ಬಂದ್ಯಾ ಕೊಕ್ಕರೆ?’ ಅಂದಳು.

‘ಬಂದೆ ಅಮ್ಮ’ ಅಂದೆ. ದನಿ ಗುರುತು ಸಿಕ್ಕೀತು ಅಂತ ಹೆದರಿದ್ದೆ. ಸಿಗಲಿಲ್ಲ. ಅವಳಿಗೆ ಕೈ ಸಾಕಾಗಿತ್ತು.

ನನ್ನ ಅಂಗೈಗಳನ್ನು ತುಟಿಗೆ ಒತ್ತಿಕೊಂಡಳು. ‘ಚಿತ್ರದಲ್ಲಿರೋ ಹಾಗೇ ಇದೆ’ ಅಂದಳು. ನಿನ್ನ ಕೈ ತಣ್ಣಗಿದೆ, ಊಟ ಮಾಡಿದ್ಯಾ ಅಂದಳು. ಆಮೇಲೆ, ಕೇಳು, ‘ಆ ಹೆಂಗಸರಿಗೆ ಗ್ಲೌಸು ಕೊಟ್ರಾ?’ ಅಂದಳು. ನಾನು ಓದಿ ಹೇಳಿದ ಇಡೀ ಪುಸ್ತಕದಲ್ಲಿ ಅದೊಂದು ಅವಳ ತಲೆಯಲ್ಲಿ ಉಳಿದಿತ್ತು. ‘ಕೊಟ್ರು ಅಮ್ಮ, ಎಲ್ಲರಿಗೂ ಕೊಟ್ರು’ ಅಂದೆ. ಅದು ನಿಜ ತಾನೆ, ಆ ದಿನ ನಾನು ಆಡಿದ ನಿಜ ಅದೊಂದೇ. ‘ನೀನೇ ಕೊಡಿಸಿದ್ದು’ ಅಂದಳು. ‘ಹೂಂ.’ ‘ಇನ್ನು ಹೋಗಬೇಡ.’ ‘ಹೋಗಲ್ಲ.’ ಹೀಗೆ ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನಾನು ಹಿಂದೆ ಕೂತಿದ್ದೆನಲ್ಲ. ಆದರೆ ಅಂಗೈಗೆ ಗೊತ್ತಾಯಿತು, ಕೆನ್ನೆ ಉಬ್ಬಿತ್ತು. ನಗುತ್ತಿದ್ದಳು.

ಆ ಮಧ್ಯಾಹ್ನವೇ ಹೋದಳು. ನೋವು ಪಡಲಿಲ್ಲ. ನೀನು ಬಂದೆ ಅಂದುಕೊಂಡೇ ಹೋದಳು, ಅದನ್ನು ನೀನು ಎದೆಯಲ್ಲಿ ಇಟ್ಟುಕೋ. ಅಮ್ಮನ ಮುಖ ನೋಡಲಿಲ್ಲ ಅಂತ ಕೊರಗಿ ಆರೋಗ್ಯ ಕೆಡಿಸಿಕೊಳ್ಳಬೇಡ. ನೋಡಬೇಕಾದವಳು ಅವಳು, ಅವಳು ನೋಡಿದಳು.

ಯಾರಿಗೂ ಹೇಳಿ ಕಳಿಸಿರಲಿಲ್ಲ. ಆದರೂ ಕಾರ್ಖಾನೆಯ ಹೆಂಗಸರು ಬಂದರು. ಕೆಳಗಿನಿಂದ ಮೆಟ್ಟಿಲ ತುಂಬ ಸಾಲಾಗಿ ನಿಂತರು. ಕೆಲಸದಿಂದ ನೇರ ಬಂದಿದ್ದರು ಅಂತ ಕಾಣುತ್ತೆ, ಕೆಲವರು ಗ್ಲೌಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಗೇಟಿನ ಬಳಿ ನನಗೆ ನೆರಳು ಕೊಟ್ಟವಳೂ ಇದ್ದಳು, ಮುದುಕಿಯಾಗಿದ್ದಾಳೆ, ನನ್ನ ಗುರುತು ಸಿಗಲಿಲ್ಲ. ನನ್ನ ಕೈ ಬರಿದಾಗಿತ್ತಲ್ಲ. ಅಮ್ಮನನ್ನು ಕೆಳಗೆ ಇಳಿಸುವಾಗ ಮೆಟ್ಟಿಲ ತಿರುವಿನಲ್ಲಿ ಇನ್ನೊಬ್ಬರ ಹೆಗಲು ಬೇಕಾಯಿತು. ಪೇಪರಿನವನು ಓಡಿಬಂದು ಹೆಗಲು ಕೊಟ್ಟ. ಆಮೇಲೆ ಬೆಂಚಿಗೆ ಹೋಗಿ ಪೇಪರ್ ಬಿಚ್ಚದೆ ಸುಮ್ಮನೆ ಕೂತ. ಅವನಿಗೂ ಮನೆಯಲ್ಲಿ ಅಮ್ಮ ಇರುತ್ತಾಳೆ.

ಮನೆ ಈಗ ಬಹಳ ದೊಡ್ಡದಾಗಿದೆ. ಪೋಸ್ಟರ್ ತೆಗೆಯೋಣ ಅಂತ ಸ್ಟೂಲು ಹತ್ತಿದೆ, ಇಳಿದೆ. ಇರಲಿ. ಮಾತಾಡಿಸೋಕೆ ಯಾರಾದರೂ ಬೇಕಲ್ಲ. ನಿನ್ನ ಬಟ್ಟೆಗಳ ಪೆಟ್ಟಿಗೆ, ಅಮ್ಮನ ಕನ್ನಡಕ ಎಲ್ಲ ಜೋಪಾನ ಮಾಡಿದ್ದೇನೆ. ಈ ಸರ್ಕಾರ ಏನು ಗೂಟ ಹೊಡೆದುಕೊಂಡು ಕೂರುತ್ತದಾ? ಒಂದು ದಿನ ಬದಲಾಗುತ್ತೆ, ನೀನು ಬರುತ್ತೀಯ. ಅಲ್ಲಿಯವರೆಗೆ ಯಾರ ಮಾತಿಗೂ ಹೆದರಬೇಡ, ಬರೆಯೋದನ್ನು ಬಿಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಉಗುರು ಕಚ್ಚಬೇಡ. ನೂರು ಕಾಲ ಬಾಳು ನನ್ನ ಕಂದ. ಅಮ್ಮನ ಪಾಲಿನ ಆಶೀರ್ವಾದವನ್ನೂ ಇನ್ನು ನಾನೇ ಮಾಡಬೇಕು, ಅದನ್ನೂ ಸೇರಿಸಿ ಮಾಡಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಮರೆತಿದ್ದೇನೂ ಅಲ್ಲ. ಮೇಲಿನಷ್ಟಕ್ಕೇ ನಿಲ್ಲಿಸಿ ಕಾಗದ ಅಂಟಿಸಿದ್ದೆ, ಮತ್ತೆ ಕಿತ್ತೆ. ನಿನಗಲ್ಲದೆ ಇದನ್ನು ನಾನು ಇನ್ಯಾರಿಗೆ ಹೇಳಲಿ?

ಅಮ್ಮ ನಗುತ್ತಿದ್ದಳು ಅಂದೆನಲ್ಲ, ಅದಾದ ಮೇಲೆ ನೀರು ಬೇಕು ಅಂದಳು. ಲೋಟ ಪಕ್ಕದಲ್ಲೇ ಇತ್ತು. ತಗೊಂಡು ಬಾಯಿಗೆ ಹಿಡಿದೆ. ತುಟಿ ಬಿಗಿದುಕೊಂಡಳು. ‘ನೀನು ಬೇಡ, ಚೆಲ್ತೀಯ. ದೊಡ್ಡವಳು ಕೊಡಲಿ. ದೊಡ್ಡವಳು ಎಲ್ಲಿ?’ ಅಂದಳು.

‘ಇಲ್ಲೇ ಇದೀನಿ ಅಮ್ಮ, ನಾನೇ ದೊಡ್ಡವಳು’ ಅಂದೆ. ನನ್ನ ಕೈ ಮುಟ್ಟಿ ನೋಡಿ ‘ತಮಾಷೆ ಮಾಡಬೇಡ’ ಅಂದಳು. ‘ಅವಳ ಕೈ ಹೀಗಿಲ್ಲ. ಪಾಪ, ಹಾಳಾಗಿದೆ. ಆ ಹಾಳಾದ ಕೈಲೇ ನನ್ನನ್ನ ಇಷ್ಟು ದಿನ ನೋಡ್ಕೊಂಡಳು. ಕರಿ ಅವಳನ್ನ. ಅವಳ ಕೈಲಿ ಒಂದು ಗುಟುಕು ಕುಡೀತೀನಿ.’ ಮತ್ತೆ ಮತ್ತೆ ಹೇಳಿದೆ ಕಣೇ, ನಾನೇ ಅಮ್ಮ, ನಾನೇ ಅಂತ. ನಿನ್ನ ಪೋಸ್ಟರಿನಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡೋಕೆ ಶುರು ಮಾಡಿದಳು. ಇಷ್ಟು ಕಾಲ ನಿನಗೋಸ್ಕರ ನೋಡಿದ ಬಾಗಿಲನ್ನು ಆಗ ನನಗೋಸ್ಕರ ನೋಡಿದಳು.

ಗ್ಲೌಸು ಹಾಕಿಕೊಂಡು ಬಂದರೆ ಗುರುತು ಸಿಗುತ್ತೆ ಅಂತ ಅವಳನ್ನು ದಿಂಬಿಗೆ ಒರಗಿಸಿ ಓಡಿದೆ. ಅಡುಗೆಮನೆಯಲ್ಲಿ ಇಲ್ಲ. ಬಚ್ಚಲಲ್ಲಿ ಇಲ್ಲ. ಹಗ್ಗದ ಮೇಲೆ ಇಲ್ಲ. ಬೀರು ತೆಗೆದು ಹೊಸದನ್ನು ಹುಡುಕೋಣ ಅಂದರೆ ಬೀಗದ ಕೈ ಸಿಗಲಿಲ್ಲ. ಎಲ್ಲ ಕಡೆ ಹುಡುಕಿದೆ. ಕೊನೆಗೆ ನೋಡಿದರೆ ನನ್ನ ಮೇಲಂಗಿಯ ಜೇಬಿನಲ್ಲೇ ಇತ್ತು. ನಾನೇ ಮಡಿಸಿ ಇಟ್ಟುಕೊಂಡಿದ್ದೆ.

ಹಾಕಿಕೊಂಡು ಬಂದು ‘ಅಮ್ಮ, ಬಂದೆ’ ಅಂತ ಲೋಟ ಹಿಡಿದೆ. ಕಣ್ಣು ಬಾಗಿಲ ಕಡೆಗೇ ಇತ್ತು. ನೀರು ಒಳಗೆ ಹೋಗಲಿಲ್ಲ. ಗಲ್ಲದಿಂದ ಇಳಿದು ಕುತ್ತಿಗೆಗೆ, ಅಲ್ಲಿಂದ ದಿಂಬಿಗೆ. ನನ್ನ ಕೈಯಿಂದ ನೀರು ಚೆಲ್ಲಿದ್ದು ಅದೇ ಮೊದಲು.

ಇನ್ನೊಂದು ಪುಸ್ತಕ ಬರೆದರೆ ಈ ಸಲ ಹೆದರಬೇಡ, ನನ್ನನ್ನು ಹಿಡಿದುಕೊಂಡು ಹೋಗಿ ಇನ್ನೇನು ಮಾಡುತ್ತಾರೆ. ಕೊನೆಗೆ ಅಮ್ಮ ದೊಡ್ಡವಳನ್ನು ಕೇಳಿದಳು ಅಂತ ಬರಿ. ದೊಡ್ಡವಳು ಅಲ್ಲೇ ಇದ್ದಳು ಅಂತಲೂ ಬರಿ.